ಹಳೆಯ ಕೇಟರರನ್ನು ಗೂಗಲ್‌ನಲ್ಲಿ ಹಿಂದಿಕ್ಕುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನನ್ನ ಭಾವ ಕೇಟರಿಂಗ್ ಆರಂಭಿಸಿದಾಗ, ಅದೇ ರಸ್ತೆಯಲ್ಲಿ ಮೂವತ್ತು ವರ್ಷಗಳಿಂದ ಹೆಸರು ಮಾಡಿದ ಕೇಟರರ್ ಒಬ್ಬರಿದ್ದರು. ಮೂರೇ ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತ್ರಿ ಎಂದ ಏಜೆನ್ಸಿಯೊಂದಕ್ಕೆ ಭಾವ 25 ಸಾವಿರ ರೂಪಾಯಿ ಕೊಟ್ಟರು. ಬಂದದ್ದು ನಕಲಿ ರಿವ್ಯೂಗಳು. ಕೆಲವೇ ವಾರಗಳಲ್ಲಿ ಅವೂ ಅಳಿಸಿಹೋದವು. ಮೊದಲ ಸ್ಥಾನವನ್ನು ಯಾರೂ ಖಾತ್ರಿಪಡಿಸಲಾರರು ಎಂದು ಗೂಗಲ್ಲೇ ಹೇಳುತ್ತದೆ. ಅಂಥ ಮಾತಾಡುವವರನ್ನು ಹೊಸಿಲಾಚೆಯಿಂದಲೇ ಕಳುಹಿಸಿ.

ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತದೆ: ಹೊಂದಾಣಿಕೆ (ಹುಡುಕಿದ ಪದಕ್ಕೆ ನಿಮ್ಮ ವಿವರ ಎಷ್ಟು ತಾಳೆಯಾಗುತ್ತದೆ ಎಂಬುದು), ದೂರ, ಹೆಸರುವಾಸಿತನ. ದೂರ ನಿಮ್ಮ ಕೈಯಲ್ಲಿಲ್ಲ. ಹೆಸರಿನಲ್ಲಿ ಹಳಬರು ಮುಂದಿದ್ದಾರೆ. ಹಾಗಾಗಿ ಹೊಂದಾಣಿಕೆಯಿಂದ ಶುರುಮಾಡಿ.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ನಿಮ್ಮ ವ್ಯಾಪಾರದ ವಿವರ ತೋರಿಸುವ ಖಾತೆ, ತೆರೆಯಿರಿ. ಇದು ಉಚಿತ. ಬೋರ್ಡಿನಲ್ಲಿರುವ ಹೆಸರನ್ನೇ ಬರೆಯಿರಿ. ಅದಕ್ಕೆ ‘ಬೆಸ್ಟ್ ಉಡುಪಿ ಕೇಟರರ್ ಡೊಂಬಿವಲಿ’ ಎಂಬ ಬಾಲ ಕಟ್ಟಿದರೆ ನಿಯಮ ಮುರಿದಂತೆ, ಪ್ರೊಫೈಲ್ ಅಮಾನತಾಗಲೂಬಹುದು. ಮುಖ್ಯ ವರ್ಗದಲ್ಲಿ ‘ಕೇಟರರ್’ ಆರಿಸಿ, ‘ರೆಸ್ಟೋರೆಂಟ್’ ಬೇಡ. ಫೋನ್ ಸಂಖ್ಯೆ ಎಲ್ಲ ಕಡೆ ಒಂದೇ ಇರಲಿ.

ಎರಡನೆಯದು, ಹಳಬರು ಮಾತಾಡದೆ ಬಿಟ್ಟ ವಿಷಯವನ್ನು ಹುಡುಕಿ. ‘ಕೇಟರಿಂಗ್’ ಎಂಬ ಒಂದೇ ಪದಕ್ಕೆ ಅವರೊಡನೆ ಸೆಣಸಬೇಡಿ. ಮೂವತ್ತು ಎಲೆಯ ಸೀಮಂತದೂಟ, ಸತ್ಯನಾರಾಯಣ ಪೂಜೆಯ ಪ್ರಸಾದ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ: ಪ್ರತಿಯೊಂದಕ್ಕೂ ವೆಬ್‌ಸೈಟಿನಲ್ಲಿ ಪ್ರತ್ಯೇಕ ಪುಟ ಇರಲಿ. ಅದರಲ್ಲಿ ದರ, ಬಡಿಸುವ ಪದಾರ್ಥಗಳ ಪಟ್ಟಿ, ನೀವೇ ತೆಗೆದ ಫೋಟೊ ಇರಲಿ. ನಮ್ಮವರು ಇಲ್ಲಿಯೇ ಎಡವುತ್ತಾರೆ. ನಮಗೆ ಅದು ಸೀಮಂತ, ಪಕ್ಕದ ಮನೆಯ ಮರಾಠಿ ತಾಯಿಗೆ ‘ಡೋಹಾಳೆ ಜೇವಣ’. ಆಕೆ ಹುಡುಕುವುದು ಆ ಪದವನ್ನು. ಆದ್ದರಿಂದ ದೇವನಾಗರಿಯಲ್ಲಿ ಮರಾಠಿ ಪುಟವನ್ನೂ ಬರೆಸಿ. ಯಂತ್ರಾನುವಾದವನ್ನು ಹಾಗೆಯೇ ಅಂಟಿಸಬೇಡಿ, ಮರಾಠಿ ಬಲ್ಲವರೊಬ್ಬರಿಂದ ಓದಿಸಿ ತಿದ್ದಿಸಿ.

ಇನ್ನು ರಿವ್ಯೂ. ಹೆಚ್ಚಿನವರು ಕೆಲಸ ಕೆಡಿಸಿಕೊಳ್ಳುವುದು ಈ ಹಂತದಲ್ಲಿ. ಮನೆಮಂದಿಯೆಲ್ಲ ಸೇರಿ ಒಂದೇ ರಾತ್ರಿ ಐದೈದು ನಕ್ಷತ್ರ ಒತ್ತಬೇಡಿ. ರಿವ್ಯೂ ಬರೆದರೆ ರಿಯಾಯಿತಿ, ಮೈಸೂರು ಪಾಕ್ ಎಂಬ ಆಮಿಷವೂ ಗೂಗಲ್ ನಿಯಮಕ್ಕೆ ವಿರುದ್ಧ. ಮೆಚ್ಚಿದವರನ್ನಷ್ಟೇ ಆರಿಸಿ ಕೇಳುವುದೂ ಸಲ್ಲದು, ಎಲ್ಲರನ್ನೂ ಕೇಳಿ. ಕೇಳುವ ಹೊತ್ತು ಮುಖ್ಯ. ಪಾತ್ರೆ ತುಂಬಿಕೊಳ್ಳುವ ಗಡಿಬಿಡಿಯಲ್ಲಿ ಬೇಡ. ಮಾರನೆಯ ದಿನ ಬೆಳಿಗ್ಗೆ ಊಟ ಹೇಗಿತ್ತೆಂದು ಫೋನ್ ಮಾಡಿ ವಿಚಾರಿಸಿ, ಆಮೇಲೆ ರಿವ್ಯೂ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ. ಯಾವ ಸಮಾರಂಭ, ಏನು ಇಷ್ಟವಾಯಿತು ಎಂದು ಅವರದೇ ಮಾತಿನಲ್ಲಿ ಬರೆಯಲು ವಿನಂತಿಸಿ. ಕನ್ನಡವೋ ಮರಾಠಿಯೋ, ಭಾಷೆ ಅವರ ಇಷ್ಟ. ತಿಂಗಳಿಗೆ ನಾಲ್ಕು ನಿಜವಾದ ರಿವ್ಯೂ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾರು ತಣ್ಣಗಿತ್ತು ಎಂದು ಯಾರಾದರೂ ಬರೆದರೆ ವಾದಿಸಬೇಡಿ. ತಪ್ಪೊಪ್ಪಿಕೊಂಡು, ಏನು ಸರಿಪಡಿಸಿದಿರೆಂದು ಎರಡು ಸಾಲು ಉತ್ತರಿಸಿ. ಮುಂದಿನ ಗಿರಾಕಿ ಆ ಉತ್ತರವನ್ನೂ ಓದುತ್ತಾರೆ.

ಸ್ಥಾನ ಪರೀಕ್ಷಿಸಲು ಅಂಗಡಿಯಲ್ಲೇ ಕುಳಿತು ಹುಡುಕಿದರೆ ಸಮೀಪದ ನೀವೇ ಮೇಲೆ ಕಾಣಬಹುದು, ಅದನ್ನು ನಂಬಬೇಡಿ. ಒಮ್ಮೆ ಪಕ್ಕದ ಠಾಕುರ್ಲಿಯಿಂದ, ಇನ್ನೊಮ್ಮೆ ಕಲ್ಯಾಣ ಪಟ್ಟಣದಿಂದ ಇನ್‌ಕಾಗ್ನಿಟೊದಲ್ಲಿ (ನಿಮ್ಮ ಹಳೆಯ ಹುಡುಕಾಟಗಳನ್ನು ಬಳಸದ ಬ್ರೌಸರ್ ಕಿಟಕಿಯಲ್ಲಿ) ಹುಡುಕಿ ನೋಡಿ. ಪ್ರೊಫೈಲಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜನ ಯಾವ ಪದದಿಂದ ನಿಮ್ಮನ್ನು ತಲುಪಿದರೆಂದು ತಿಳಿಯುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿ, ನೀವು ಬರೆಯದ ಪದವೇನಾದರೂ ಅಲ್ಲಿ ಕಂಡರೆ ಮುಂದಿನ ಪುಟವನ್ನು ಅದಕ್ಕೇ ಮೀಸಲಿಡಿ.