ಬಟವಾಡೆಯವರೆಗೆ ಜೊತೆಗಿರಿ: ಸೂರಿಲ್ಲದ ಹುಡುಗರನ್ನು ಕೆಲಸಕ್ಕೆ ಹಚ್ಚುವುದು ಹೇಗೆ?

ಮೆಜೆಸ್ಟಿಕ್‌ನಲ್ಲೋ ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೋ ಮಲಗುವ ಹತ್ತೊಂಬತ್ತರ ಹುಡುಗನಿಗೆ ‘ಏನಾದರೂ ಕೆಲಸ ಕಲಿಯೋ’ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಆದರೆ ಅವನು ಈಗಲೂ ದುಡಿಯುತ್ತಲೇ ಇದ್ದಾನೆ. ಬೆಳಗಿನ ಜಾವ ಮೂರಕ್ಕೆ ಎದ್ದು ತರಕಾರಿ ಮೂಟೆ ಹೊರುತ್ತಾನೆ, ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ಗೆ ಹೋಗುತ್ತಾನೆ. ಸಂಜೆಯಾದರೆ ಕೈಗೆ ಕಾಸು. ಆ ದಿನಗೂಲಿಯಿಂದ ತಿಂಗಳ ಸಂಬಳಕ್ಕೆ ಅವನನ್ನು ದಾಟಿಸುವುದೇ ನಿಜವಾದ ಕೆಲಸ. ಸೂರಿಲ್ಲದವರ ರಾತ್ರಿ ತಂಗುದಾಣದ ಹುಡುಗರ ಜೊತೆ ಕೆಲವು ವರ್ಷ ಓಡಾಡಿ ನಾನು ಕಂಡುಕೊಂಡದ್ದು ಇಷ್ಟು: ಹುಡುಗರು ಕೈಜಾರುವುದು ತರಬೇತಿ ಮುಗಿದು ಮೊದಲ ಬಟವಾಡೆ ಆಗುವ ನಡುವಿನ ದಿನಗಳಲ್ಲಿ.

ಮೊದಲು ವಯಸ್ಸು

18 ತುಂಬಿಲ್ಲ ಎಂದು ಗೊತ್ತಾದರೆ ಕೆಲಸ ಹುಡುಕಲು ಹೊರಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಮುಟ್ಟಲಿ. ಬೆಂಗಳೂರಿನಲ್ಲಾದರೆ 1980ರಿಂದ ಬೀದಿ ಮಕ್ಕಳ ಜೊತೆ ಇರುವ ‘ಬಾಸ್ಕೊ’ ಇದೆ. ಬೆಂಗಳೂರು ಓಣಿಯವರ ಸೇವಾ ಕೂಟ ಎಂಬುದು ಅದರ ಪೂರ್ತಿ ಹೆಸರು.

18 ದಾಟಿದ್ದರೆ ಇನ್ನೊಂದು ಮಾತು ಕೇಳಿ: ‘ಬಾಲಮಂದಿರದಲ್ಲಿ ಇದ್ದೆಯಾ?’ 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಅಲ್ಲಿಂದ ಹೊರಬಂದವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ, ಅನುಪಾಲನೆಗೆ, ಅಂದರೆ ಹೊರಬಂದ ಮೇಲೂ ಸಿಗುವ ಆಸರೆಗೆ, ಅವಕಾಶವಿದೆ. ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವೂ ಉಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ಇದು ಗೊತ್ತಿಲ್ಲದೆ ಬೀದಿಗೆ ಬಿದ್ದ ಹುಡುಗರನ್ನು ನೋಡಿ ಹೊಟ್ಟೆ ಉರಿದಿದೆ.

ಮಲಗಲು ಜಾಗ, ಇಡಲು ಬೀಗ

ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದು ತಂಗುದಾಣ ಇರಬೇಕು, ಅದು ವರ್ಷವಿಡೀ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇರುವ ತಂಗುದಾಣಕ್ಕೂ ಹುಡುಗರು ಸುಲಭಕ್ಕೆ ಬರುವುದಿಲ್ಲ. ಭಿಕ್ಷುಕರೆಂದು ಎತ್ತಿಕೊಂಡು ಹೋಗಿ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹಾಕುತ್ತಾರೆ ಎಂಬ ಭಯ ಅವರಿಗೆ. ಮೊದಲ ದಿನ ನೀವೇ ಜೊತೆಗೆ ಹೋಗಿ. ಹುಡುಗಿಯಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಶಕ್ತಿ ಸದನಗಳು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಸಖಿ ನಿವಾಸಗಳು ಇವೆ.

ಅಲ್ಲಿ ಬೀಗ ಹಾಕುವ ಪೆಟ್ಟಿಗೆ ಉಂಟೇ ಎಂದು ವಿಚಾರಿಸಿ. ಫೋನನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡು, ಗಳಿಗೆಗೊಮ್ಮೆ ಎಚ್ಚರಾಗುತ್ತಾ ಮಲಗಿದವನು ಬೆಳಿಗ್ಗೆ ಲೇತ್ ಯಂತ್ರದ ಮುಂದೆ ನಿಲ್ಲುವುದು ಅಪಾಯ.

ಕಾಗದ ಪತ್ರ

‘ಆಧಾರ್ ಇಲ್ಲ’ ಎಂದ ಕೂಡಲೇ ಹೊಸದಕ್ಕೆ ಅರ್ಜಿ ಹಾಕಬೇಡಿ. ಶಾಲೆಯಲ್ಲಿದ್ದಾಗ ಮಾಡಿಸಿರಬಹುದು. ಹಾಗಿದ್ದರೆ ಬೆರಳಚ್ಚು ಹೊಂದಿಕೆಯಾಗಿ ಹೊಸ ಅರ್ಜಿ ತಿರಸ್ಕೃತವಾಗುತ್ತದೆ. ಆಧಾರ್ ಸೇವಾ ಕೇಂದ್ರದಲ್ಲಿ ಹಳೆಯ ಸಂಖ್ಯೆ ಹುಡುಕಿಸಿ. 15 ತುಂಬಿದ ಮೇಲೆ ಬೆರಳಚ್ಚು ನವೀಕರಿಸಿಲ್ಲದಿದ್ದರೆ ಅದೂ ಆಗಲಿ. ನಿಜಕ್ಕೂ ಇಲ್ಲದಿದ್ದರೆ, ಮಾನ್ಯತೆ ಇರುವ ತಂಗುದಾಣದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ವಿಳಾಸಕ್ಕೆ ಸಾಕಾಗುತ್ತದೆ. 18 ದಾಟಿದವರ ಹೊಸ ನೋಂದಣಿಗೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಇಂದೇ ಶುರು ಮಾಡಿ. ಆಮೇಲೆ ಜನಧನ್ ಖಾತೆ, ಅದಕ್ಕೆ ಠೇವಣಿ ಬೇಕಿಲ್ಲ.

ಕಸುಬು ಆರಿಸುವಾಗ

ನಿಮಗೆ ತೋಚಿದ ಕೋರ್ಸಿಗೆ ತಳ್ಳಬೇಡಿ. ಒಂದು ಭಾನುವಾರ ಗ್ಯಾರೇಜು, ವೆಲ್ಡಿಂಗ್ ಶಾಪು, ಮೊಬೈಲ್ ರಿಪೇರಿ ಅಂಗಡಿ ಸುತ್ತಿಸಿ, ಅವನ ಕಣ್ಣು ಎಲ್ಲಿ ನಿಲ್ಲುತ್ತದೆ ನೋಡಿ. ಊಟ, ವಸತಿ ಸಮೇತ ಕಲಿಸುವ ಕಡೆಗೇ ನನ್ನ ಮೊದಲ ಒಲವು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇದನ್ನು ಉಚಿತವಾಗಿ ಮಾಡುತ್ತಿದೆ. ಅದೇ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುತ್ತವೆ. ಆದ್ಯತೆ ಹಳ್ಳಿಯ ಯುವಕರಿಗೆ. ನಮ್ಮ ಹುಡುಗರಲ್ಲಿ ಅನೇಕರು ಹಳ್ಳಿಯಿಂದಲೇ ಓಡಿಬಂದವರು, ಹಾಗಾಗಿ ಅವರ ಊರಿನ ಜಿಲ್ಲೆಯ ಕೇಂದ್ರವನ್ನೂ ವಿಚಾರಿಸಿ. ಎಂಟನೇ ತರಗತಿ ಪಾಸಾಗಿದ್ದರೆ ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಸಿಗುತ್ತದೆ. ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುವಾಗಲೇ ಸ್ಟೈಪೆಂಡ್ ಬರುತ್ತದೆ.

ಆ 37 ದಿನ

ಒಂದನೇ ತಾರೀಖು ಕೆಲಸಕ್ಕೆ ಸೇರಿದವನಿಗೆ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕೆಂಬುದು ಕಾನೂನು. ಅಂದರೆ 37 ದಿನ ಬರಿಗೈ. ಅತ್ತ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರೆ ಇವತ್ತೇ ದುಡ್ಡು. ಹಸಿದವನು ಯಾವ ಕಡೆ ಹೋಗುತ್ತಾನೆ?

ನಮ್ಮ ತಂಗುದಾಣದಿಂದ ಒಬ್ಬ ಬೈಕ್ ವರ್ಕ್‌ಶಾಪ್‌ಗೆ ಸೇರಿದ್ದ. ಕೈ ಚುರುಕು. ಮೂರನೇ ದಿನ ಹೋಗಲೇ ಇಲ್ಲ. ನಾನು ಸೋಮಾರಿ ಎಂದು ಬೈದೆ, ತಲೆ ತಗ್ಗಿಸಿ ನಿಂತ. ಆಮೇಲೆ ನೋಡಿದರೆ ಕಿಟಕಿ ಸರಳಿನ ಮೇಲೆ ಅವನ ಒಂದೇ ಒಂದು ಪ್ಯಾಂಟು, ಗ್ರೀಸ್ ತೊಳೆದು ಒಣಹಾಕಿದ್ದು, ಮಳೆಗೆ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವತ್ತಿನ ಬೈಗುಳ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅದಾದ ಮೇಲೆ ಯಾರನ್ನೇ ಕೆಲಸಕ್ಕೆ ಕಳಿಸಲಿ, ಮೊದಲು ಲೆಕ್ಕ ಬರೆಯುತ್ತೇವೆ. ಎರಡು ಜೊತೆ ಬಟ್ಟೆ, ಒಂದು ಜೊತೆ ಶೂ, ಬಸ್ ಪಾಸು, ಫೋನ್ ಚಾರ್ಜರ್. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿಗೆ 5, ಎರಡು ಹೊತ್ತಿನ ಊಟಕ್ಕೆ ಹತ್ತತ್ತು ರೂಪಾಯಿ. ದಿನಕ್ಕೆ 25ರಂತೆ 37 ದಿನಕ್ಕೆ 925. ಹುಡುಗಿಯರಿಗೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಈ ದುಡ್ಡನ್ನು ಒಟ್ಟಿಗೆ ಕೈಗಿಡಬೇಡಿ, ವಾರವಾರ ಕೊಡಿ. ಸಾಧ್ಯವಾದರೆ ಸಾಲ ಎನ್ನದೆ ಕೊಡಿ. ಸಾಲವೆಂದರೆ ತೀರಿಸಲಾಗದವನು ನಿಮ್ಮ ಕಣ್ಣು ತಪ್ಪಿಸಿ ಓಡಾಡುತ್ತಾನೆ.

ಮಾಲೀಕರ ಜೊತೆ ಮಾತು

ಮೊದಲೆರಡು ತಿಂಗಳು ವಾರದ ಬಟವಾಡೆ ಮಾಡಿ ಎಂದು ಕೇಳಿ. ಸಣ್ಣ ವರ್ಕ್‌ಶಾಪಿನವರು ಬಹುಪಾಲು ಒಪ್ಪುತ್ತಾರೆ. ತೊಂದರೆಯಾದರೆ ಕರೆ ಮಾಡಲು ನಿಮ್ಮ ನಂಬರ್ ಕೊಡಿ. ಅವನ ಬೀದಿಯ ಕಥೆಯನ್ನು ಮಾತ್ರ ಅವನ ಒಪ್ಪಿಗೆ ಇಲ್ಲದೆ ಬಿಚ್ಚಬೇಡಿ. ಅಂಗಡಿಯಲ್ಲಿ ಒಂದು ಸ್ಪ್ಯಾನರ್ ಕಾಣೆಯಾದರೂ ಎಲ್ಲರ ಕಣ್ಣು ಅವನ ಮೇಲೇ ಬೀಳುತ್ತದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, ಸಂಬಳ 21,000ದೊಳಗಿದ್ದರೆ, ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಮಾಡಿಸಿದ್ದಾರೆಯೇ ಎಂದು ವಿಚಾರಿಸಿ.

ಸಂಬಳ ಬಂದ ಮೇಲೂ

ಮೊದಲ ಬಟವಾಡೆಯ ದಿನ ಸಂಜೆ ಅವನ ಜೊತೆಗಿರಿ. ಹಳೆಯ ಗೆಳೆಯರು ಕಾಯುತ್ತಿರುತ್ತಾರೆ. ಅವರಿಗೆ ಊಟ ಹಾಕಿಸುವುದು ಅವನ ಹಕ್ಕು, ಅದಕ್ಕೂ ಒಂದಿಷ್ಟು ತೆಗೆದಿಟ್ಟು ಉಳಿದದ್ದನ್ನು ಖಾತೆಯಲ್ಲಿ ಬಿಡಿಸಿ.

ಹಬ್ಬಗಳನ್ನು ಮರೆಯಬೇಡಿ. ದೀಪಾವಳಿಗೆ ವರ್ಕ್‌ಶಾಪ್ ಮೂರು ದಿನ ಬಾಗಿಲು ಹಾಕುತ್ತದೆ, ಜೊತೆಯವರೆಲ್ಲ ಊರಿಗೆ ಹೊರಡುತ್ತಾರೆ, ಇವನೊಬ್ಬ ಹಳೆಯ ಜಾಗಕ್ಕೇ ಮರಳುತ್ತಾನೆ. ಆ ಮೂರು ದಿನ ಎಲ್ಲಿರುತ್ತೀಯ, ಎಲ್ಲಿ ಉಣ್ಣುತ್ತೀಯ ಎಂದು ವಾರ ಮುಂಚೆಯೇ ಕೇಳಿ. ಸಾಧ್ಯವಾದರೆ ಮನೆಗೆ ಕರೆಯಿರಿ.