ಮುಕ್ಕಾಲು ಇಂಚಿನ ಕ್ಲಿಪ್

ಬದಿಯಡ್ಕದ ಆಚೆಗಿರುವ ನಮ್ಮ ಅಡಿಕೆ ತೋಟದಲ್ಲಿ, ಪಂಪಿನ ಕೊಟ್ಟಿಗೆಯ ಕೆಂಪುಕಲ್ಲಿನ ಗೋಡೆಗೆ ಅರ್ಧ ಇಂಚಿನ ಪೈಪನ್ನು ಹಿಡಿದು ನಿಲ್ಲಿಸಬೇಕಿತ್ತು. ಹೋದ ವರ್ಷ ಕಂಪ್ಯೂಟರಿನಲ್ಲಿ, ಬ್ಲೆಂಡರ್ ಎಂಬ ತ್ರೀಡಿ ಚಿತ್ರದ ತಂತ್ರಾಂಶದಲ್ಲಿ ಒಂದು ಕ್ಲಿಪ್ ಬಿಡಿಸಿ, ಮನೆಯ ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿದ್ದೆ. ಈ ಸಲ ಅಪ್ಪ ಮುಕ್ಕಾಲು ಇಂಚಿನ ಪೈಪ್ ತಂದರು. "ಅದನ್ನೇ ಸ್ವಲ್ಪ ದೊಡ್ಡದು ಮಾಡಿದರಾಯಿತಲ್ಲ" ಎಂದರು. ನಾನೂ ಹಾಗೆಯೇ ಎಣಿಸಿದ್ದೆ.

ಅಂಗಡಿಯವರದು ಇಂಚಿನ ಮಾತಾದರೂ ಪಿವಿಸಿ ಪೈಪಿನ ಲೆಕ್ಕ ಹೊರವ್ಯಾಸದ್ದು, ಅದೂ ಮಿಲಿಮೀಟರಿನಲ್ಲಿ: ಅರ್ಧ ಇಂಚಿಗೆ 20, ಮುಕ್ಕಾಲಿಗೆ 25. ಅಂದರೆ 1.25 ಪಟ್ಟು. ಬ್ಲೆಂಡರ್‌ನಲ್ಲಿ ಅಳತೆ ಹಿಗ್ಗಿಸುವ ಕೀಲಿ ಎಸ್ ಒತ್ತಿ, 1.25 ಬರೆದು, ಎಂಟರ್ ಒತ್ತಿದೆ. ಮುದ್ರಿಸಿದಾಗ ವ್ಯಾಸವೇನೋ ಸರಿಯಾಗಿಯೇ ಇತ್ತು. ಆದರೆ ಅದರೊಂದಿಗೆ ಎಲ್ಲವೂ ಬೆಳೆದಿತ್ತು! 4 ಮಿ.ಮೀ. ಸ್ಕ್ರೂ ತೂತು 5 ಆಗಿ ಸ್ಕ್ರೂ ಸಡಿಲವಾಯಿತು. ಪೈಪನ್ನು ತಬ್ಬಿ ಹಿಡಿಯುವ 3 ಮಿ.ಮೀ. ದಪ್ಪದ ಕಮಾನು 3.75 ಆಗಿ, ಪೈಪನ್ನು ಒಳಗೆ ತಳ್ಳಲು ಹೆಬ್ಬೆರಳು ಸಾಲಲಿಲ್ಲ. ಪ್ಲಾಸ್ಟಿಕ್ ಹೆಚ್ಚುಕಡಿಮೆ ಎರಡು ಪಟ್ಟು ಖರ್ಚು. ಮೂರು ದಿಕ್ಕಿಗೂ 1.25 ಎಂದರೆ ಘನಫಲ 1.95 ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಗಣಿತ. ಆ ಹೊತ್ತಿಗೆ ನೆನಪಾಗಲಿಲ್ಲ.

ಆಲ್ಟ್ ಹಿಡಿದು ಎಸ್ ಒತ್ತಿ ಹಳೆಯ ಅಳತೆಗೆ ಮರಳಿದೆ. ಬೆಳೆಯಬೇಕಾದದ್ದು ಇಡೀ ಕ್ಲಿಪ್ ಅಲ್ಲ, ಕಮಾನು ಮಾತ್ರ. ಟ್ಯಾಬ್ ಒತ್ತಿ, ಆಕಾರದ ಬಿಂದುಗಳನ್ನು ಬಿಡಿಬಿಡಿಯಾಗಿ ತಿದ್ದುವ ಎಡಿಟ್ ಮೋಡಿಗೆ ಹೋಗಿ ಕಮಾನಿನ ಒಳಮೈಯ ಬಿಂದುಗಳನ್ನಷ್ಟೇ ಆರಿಸಿದೆ. ಇಲ್ಲಿಯೂ ಒಮ್ಮೆ ಎಡವಿದೆ. ಹಿಗ್ಗಿಸುವಾಗ ಕದಲದೆ ನಿಲ್ಲುವ ನಡುಬಿಂದುವೇ ಆಧಾರ; ಬ್ಲೆಂಡರ್ ತಾನಾಗಿ ಹಿಡಿಯುವ ಆಧಾರ ಆರಿಸಿದ ಬಿಂದುಗಳ ಸರಾಸರಿ. ಒಂದು ಬದಿ ಬಾಯಿ ತೆರೆದ ಕಮಾನಿನಲ್ಲಿ ಅದು ಪೈಪಿನ ನಡುವಿಗೆ ಬೀಳುವುದೇ ಇಲ್ಲ. ಹಾಗಾಗಿ ಬೇಕಾದಲ್ಲಿ ಇಡಬಹುದಾದ ಗುರುತಾದ ತ್ರೀಡಿ ಕರ್ಸರನ್ನು ಪೈಪಿನ ನಡುವಿಗೆ ಇಟ್ಟು, ಅದನ್ನೇ ಆಧಾರ ಮಾಡಿಕೊಂಡೆ.

ಆಮೇಲೆ ಎಸ್, ಶಿಫ್ಟ್ ವೈ, 1.25. ನನ್ನ ಕ್ಲಿಪ್ಪಿನಲ್ಲಿ ಪೈಪ್ ಮಲಗಿರುವುದು ವೈ ದಿಕ್ಕಿಗೆ. ಶಿಫ್ಟ್ ವೈ ಎಂದರೆ ಅದೊಂದನ್ನು ಬಿಟ್ಟು ಉಳಿದೆರಡು ದಿಕ್ಕು. ಅಗಲ ಹಾಗೆಯೇ ಉಳಿಯಿತು. ಹೊರಮೈಗೆ ಇದೇ 1.25 ನಡೆಯದು. ಅಲ್ಲಿ ತ್ರಿಜ್ಯ, ಅಂದರೆ ಪೈಪಿನ ಅರ್ಧ ವ್ಯಾಸಕ್ಕೆ ದಪ್ಪದ 3 ಸೇರಿಸಿದ್ದು, 13ರಿಂದ 15.5ಕ್ಕೆ ಹೋದರೆ ಮಾತ್ರ ದಪ್ಪ 3ರಲ್ಲೇ ನಿಲ್ಲುತ್ತದೆ. ಸಮ ಚಿಹ್ನೆ ಒತ್ತಿ 15.5/13 ಎಂದು ಬರೆದರೆ ಭಾಗಾಕಾರವನ್ನು ಬ್ಲೆಂಡರೇ ಮಾಡಿಕೊಳ್ಳುತ್ತದೆ, ಕ್ಯಾಲ್ಕುಲೇಟರ್ ಬೇಡ. ಗೋಡೆಗೆ ತಾಗುವ ಪಟ್ಟಿಯನ್ನು, ತೂತಿನ ಸಮೇತ, 2.5 ಮಿ.ಮೀ. ಕೆಳಗೆ ಜರುಗಿಸಿದೆ.

ಹಳೆಯ ಸ್ಕ್ರೂಗಳೇ ಕುಳಿತವು. ಒಂಬತ್ತು ಕ್ಲಿಪ್ ಹೊಡೆದು ಮುಗಿಸುವಷ್ಟರಲ್ಲಿ ಅಪ್ಪ ತೊಟ್ಟಿಯ ಕಡೆ ಕೈ ತೋರಿಸಿದರು. ಅಲ್ಲಿಯದು ಒಂದು ಇಂಚು. ಹೊರವ್ಯಾಸ 32, ಒಳಮೈಗೆ 16/12.5, ಹೊರಮೈಗೆ 19/15.5.