ಗೋವಾದಿಂದ ಫ್ಲೈಟ್ ಹತ್ತೋರು ಲೌಂಜಿಗೆ ಹೋಗೋ ಮುಂಚೆ ನೋಡ್ಕೊಳ್ಳಿ

ನಮ್ಮ ಕಾರವಾರದವ್ರು ಫ್ಲೈಟಿಗೆ ದಾಬೋಳಿಗೋ ಮೋಪಾಕ್ಕೋ ಹೋಗೋದಲ್ವಾ, ಕ್ರೆಡಿಟ್ ಕಾರ್ಡ್ ಇದೆ, ಏರ್‌ಪೋರ್ಟಲ್ಲಿ ಆರಾಮಾಗಿ ಕೂತು ಊಟ ಮಾಡೋ ಲೌಂಜ್ ಫ್ರೀ ಅಂತ ಮನೆಮಂದಿನೆಲ್ಲ ಕರ್ಕೊಂಡು ನುಗ್ಗಬೇಡಿ ಮಾರಾಯ್ರೆ. ಸುಮಾರು ಕಾರ್ಡಿಗೆ ಈಗ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿರ್ಬೇಕು ಅಂತ ಕಂಡೀಷನ್ ಉಂಟು, ನಂಗೆ ಗೊತ್ತಿರ್ಲಿಲ್ಲ, ಕೌಂಟರಲ್ಲಿ ಸ್ವೈಪ್ ಮಾಡಿದ್ರೆ ಡಿಕ್ಲೈನ್, ಹಿಂದೆ ಲೈನಲ್ಲಿದ್ದವ್ರೆಲ್ಲ ನೋಡ್ತಾ ಇದ್ರು, ಮಗಳು ಬೇರೆ ಒಳಗಿನ ಕೇಕ್ ಕಡೆ ಬೆರಳು ತೋರಿಸ್ತಾ ಇದ್ಲು. ಮನೇಲೇ ಬ್ಯಾಂಕ್ ಆ್ಯಪಲ್ಲಿ ಚೆಕ್ ಮಾಡ್ಕೊಳ್ಳಿ. ಜೊತೆಗೆ ಬಂದವ್ರಿಗೆ ಹೆಚ್ಚಾಗಿ ಬೇರೆ ಚಾರ್ಜ್. ಸ್ವೈಪಿಗೆ 2 ರೂಪಾಯಿ ಕಟ್ಟಾದ್ರೆ ಹೆದರ್ಬೇಡಿ, ಅದು ಕಾರ್ಡ್ ನಡೀತದಾ ನೋಡ್ಲಿಕ್ಕೆ. ಬೋರ್ಡಿಂಗ್ ಪಾಸ್ ಕೈಯಲ್ಲೇ ಇರ್ಲಿ. ಊಟ ಪರವಾಗಿಲ್ಲ, ಬಂಗಡೆ ಫ್ರೈ ಮಾತ್ರ ಕೇಳ್ಬೇಡಿ 😄